ಭೋಸರಿಯ 6 ಇಂಚಿನ ಸ್ಕ್ರೂ–ಏರ್‌ಲಾಕ್ ಫೀಡರ್: ಕೊಳ್ಳುವ ಮುಂಚೆ ಏನು ನೋಡಬೇಕು, ಏನು ಬದಲಾಯಿಸಿಕೊಳ್ಳಬೇಕು

ಪುಣೆಯ ಭೋಸರಿ, ಚಾಕಣ್ ಭಾಗದ ಫ್ಯಾಬ್ರಿಕೇಟರ್‌ಗಳ ಹತ್ತಿರ ಪುಡಿ ಇಂಧನವನ್ನು ಅಳತೆಯಾಗಿ ಬರ್ನರ್‌ಗೆ ಕೊಡುವ ಫೀಡರ್ ಬೇಕೆಂದು ಕೇಳಿದರೆ ಹೆಚ್ಚುಕಡಿಮೆ ಒಂದೇ ನಮೂನೆಯ ಸೆಟ್ ತೋರಿಸುತ್ತಾರೆ. ಮೇಲೆ ಪುಡಿ ತುಂಬಿಡುವ ಒಂದೂವರೆ ಘನ ಮೀಟರ್ ಹಾಪರ್. ಅದರ ತಳದಲ್ಲಿ ತಿರುಗುತ್ತಾ ಪುಡಿ ತಳ್ಳುವ 6 ಇಂಚಿನ ಸುರುಳಿ ಅಂದರೆ ಸ್ಕ್ರೂ, ಗೇರ್ ಮೋಟರ್, ಮೋಟರ್ ವೇಗ ಬದಲಿಸುವ ವಿಎಫ್‌ಡಿ. ಸ್ಕ್ರೂ ಬಾಯಿಗೆ 8 ರೆಕ್ಕೆಯ ರೋಟರಿ ಏರ್‌ಲಾಕ್, ಅಂದರೆ ಪುಡಿ ಕೆಳಗಿಳಿಸಿ ಗಾಳಿ ಮೇಲೆ ಬಾರದಂತೆ ತಡೆಯುವ ತಿರುಗು ಬಾಗಿಲು. ಅದರ ಕೆಳಗೆ ಬ್ಲೋವರ್ ಗಾಳಿ ಹಾಯುವ ಟೀ (T ಆಕಾರದ ಪೈಪು ಜೋಡಣೆ), ಅಲ್ಲಿಂದ ಬರ್ನರ್‌ವರೆಗೆ 4 ಇಂಚಿನ ಪೈಪು. ಮರದ ಹೊಟ್ಟು, ಶೇಂಗಾ ಸಿಪ್ಪೆ ಪುಡಿ, ಭತ್ತದ ಹೊಟ್ಟು, ಕಲ್ಲಿದ್ದಲ ಪುಡಿ ಎಲ್ಲಕ್ಕೂ ಇದೇ ನಡೆಯುತ್ತದೆ ಅನ್ನುತ್ತಾರೆ. ಸಣ್ಣ ಬಾಯ್ಲರ್ ಮತ್ತು ಹಾಟ್ ಏರ್ ಜನರೇಟರ್ ಇಟ್ಟುಕೊಂಡವರಿಗಾಗಿ ಈ ವಿಮರ್ಶೆ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಸ್ಕ್ರೂ ಮತ್ತು ಏರ್‌ಲಾಕ್ ಒಳ್ಳೆಯವು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಾಪರ್ ಮಾತ್ರ ಬಂದ ಹಾಗೆ ತೆಗೆದುಕೊಳ್ಳಬೇಡಿ. ಕಲ್ಲಿದ್ದಲ ಪುಡಿಗಂತೂ ಈ ಸೆಟ್ ಹೀಗೇ ಬಳಸಕೂಡದು.

ಕೋಟೇಶನ್‌ನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ‘ಗಂಟೆಗೆ 500 ಕಿಲೋ’ ಅನ್ನುವ ಸಾಲು. ಬಾಯ್ಲರ್‌ಗೆ ಬೇಕಾದ್ದು ಬೇರೆ: ಈ ನಿಮಿಷ ಬಿದ್ದ ತೂಕವೇ ಮುಂದಿನ ನಿಮಿಷವೂ ಬೀಳಬೇಕು. ಯಾಕೆಂದರೆ ಫ್ಯಾನಿನ ಗಾಳಿ ಒಂದೇ ಅಳತೆಯಲ್ಲಿ ಬರುತ್ತಿರುತ್ತದೆ, ಪುಡಿ ಮಾತ್ರ ಏರಿಳಿಯುತ್ತದೆ. ನೀವು ಸುಡಲು ಬೇಕಾದ್ದಕ್ಕಿಂತ 25% ಹೆಚ್ಚುವರಿ ಗಾಳಿಗೆ ಡ್ಯಾಂಪರ್ (ಗಾಳಿಯ ದಾರಿ ಹಿರಿದು ಕಿರಿದು ಮಾಡುವ ತಟ್ಟೆ) ಹೊಂದಿಸಿದ್ದೀರಿ ಅನ್ನೋಣ. ಪುಡಿ 15% ಹೆಚ್ಚು ಬಿದ್ದ ಗಳಿಗೆಯಲ್ಲಿ ಹೆಚ್ಚುವರಿ ಗಾಳಿ 9%ಕ್ಕೆ ಇಳಿಯುತ್ತದೆ, ಚಿಮಣಿಯಲ್ಲಿ ಕಪ್ಪು ಹೊಗೆ ಕಾಣುತ್ತದೆ. 15% ಕಡಿಮೆ ಬಿದ್ದಾಗ ಅದೇ ಗಾಳಿ 47% ಹೆಚ್ಚುವರಿಯಾಗಿ ಬಿಸಿಯನ್ನೆಲ್ಲ ಚಿಮಣಿಗೆ ಹೊತ್ತೊಯ್ಯುತ್ತದೆ. ಆಪರೇಟರ್ ಹೊಗೆಗೆ ಹೆದರಿ ಡ್ಯಾಂಪರ್ ಇನ್ನಷ್ಟು ತೆರೆದಿಡುತ್ತಾನೆ. ತಿಂಗಳ ಇಂಧನದ ಬಿಲ್ ಏರುವುದು ಅಲ್ಲಿಂದ.

ಈಗ ಸಾಮರ್ಥ್ಯದ ಲೆಕ್ಕ. ಸ್ಕ್ರೂ ವ್ಯಾಸ 150 ಮಿಮೀ, ನಡುವಿನ ಪೈಪು 60 ಮಿಮೀ, ಪಿಚ್ (ಸುರುಳಿಯ ಒಂದು ಸುತ್ತಿನ ಉದ್ದ) 150 ಮಿಮೀ. ಒಂದು ಸುತ್ತಿಗೆ 2.2 ಲೀಟರ್. ನಿಮಿಷಕ್ಕೆ 20 ಸುತ್ತಾದರೆ ಗಂಟೆಗೆ 2,670 ಲೀಟರ್. ಒಣ ಮರದ ಹೊಟ್ಟನ್ನು ಲೀಟರಿಗೆ 200 ಗ್ರಾಂ ಹಿಡಿದರೆ 534 ಕಿಲೋ. ಸ್ಕ್ರೂ ಪೂರ್ತಿ ತುಂಬುವುದಿಲ್ಲ, 80% ಹಿಡಿಯಿರಿ. ಕೈಗೆ ಸಿಗುವುದು 430 ಕಿಲೋ ಆಸುಪಾಸು. ಇನ್ನು ಬೇಡಿಕೆ: 100 ಡಿಗ್ರಿ ನೀರನ್ನು 100 ಡಿಗ್ರಿ ಹಬೆ ಮಾಡುವ ಲೆಕ್ಕದಲ್ಲಿ 1 ಟನ್ ಬಾಯ್ಲರ್‌ಗೆ, ಅಂದರೆ ಗಂಟೆಗೆ 1 ಟನ್ ಹಬೆ ಕೊಡುವಂಥದ್ದಕ್ಕೆ, ಗಂಟೆಗೆ 5.4 ಲಕ್ಷ ಕಿಲೋಕ್ಯಾಲರಿ ಬೇಕು. ಕಿಲೋಗೆ 3,500 ಕಿಲೋಕ್ಯಾಲರಿಯ ಹೊಟ್ಟು, 75% ದಕ್ಷತೆ ಅಂದರೆ 206 ಕಿಲೋ. ಹಾಗಾಗಿ 2 ಟನ್ ಬಾಯ್ಲರ್‌ಗೆ ಈ ಸ್ಕ್ರೂ ಸರಿಹೊಂದುತ್ತದೆ. 1 ಟನ್ ಬಾಯ್ಲರ್‌ಗೆ ‘ಮುಂದೆ ಬೇಕಾಗಬಹುದು, ದೊಡ್ಡದೇ ಇರಲಿ’ ಎಂದು ಇದನ್ನೇ ತಗಲಿಸಿದರೆ ತಪ್ಪುತ್ತೀರಿ. ಆಗ ಸ್ಕ್ರೂ ನಿಮಿಷಕ್ಕೆ 10 ಸುತ್ತು ಕೂಡ ತಿರುಗುವುದಿಲ್ಲ. ಒಂಟಿ ಸುರುಳಿಯ ಸ್ಕ್ರೂ ಪ್ರತಿ ಸುತ್ತಿಗೆ ಒಮ್ಮೆ ಗುಡ್ಡೆ ಉದುರಿಸುತ್ತದೆ. 6 ಸೆಕೆಂಡಿಗೆ ಒಂದು ಗುಡ್ಡೆ, ಅದೇ ತಾಳಕ್ಕೆ ಬೆಂಕಿ ಉಬ್ಬಿ ಕುಗ್ಗುತ್ತದೆ. ಪೀಪ್ ಹೋಲ್‌ನಲ್ಲಿ ಬರಿಗಣ್ಣಿಗೇ ಕಾಣುತ್ತದೆ. 4 ಇಂಚಿನ ಸ್ಕ್ರೂ ಹಾಕಿಸಿ, 100 ಮಿಮೀ ಪಿಚ್, 42 ಮಿಮೀ ಪೈಪು: ಸುತ್ತಿಗೆ 0.65 ಲೀಟರ್, ಅದೇ 206 ಕಿಲೋಗೆ ನಿಮಿಷಕ್ಕೆ 33 ಸುತ್ತು. ಗುಡ್ಡೆ ಸಣ್ಣದು, ಬೇಗ ಬೇಗ ಬೀಳುತ್ತದೆ, ಬೆಂಕಿ ಸ್ಥಿರವಾಗಿ ನಿಲ್ಲುತ್ತದೆ. ಬಾಯಿಯ ಹತ್ತಿರದ ಕೊನೆಯ ಒಂದು ಪಿಚ್‌ಗೆ ಎರಡನೇ ಸುರುಳಿ ಬೆಸುಗೆ ಹಾಕಿಸಿದರೆ ಗುಡ್ಡೆ ಅರ್ಧಕ್ಕೆ ಒಡೆಯುತ್ತದೆ. ಇದು ಫ್ಯಾಬ್ರಿಕೇಟರ್‌ಗೆ ಅರ್ಧ ದಿನದ ಕೆಲಸ, ಕೇಳಿದರೆ ಮಾಡಿಕೊಡುತ್ತಾರೆ.

ವಿಎಫ್‌ಡಿ ಬಗ್ಗೆ ಒಂದು ಮಾತು ಸಾಕು: ಸಾಮಾನ್ಯ ಮೋಟರನ್ನು 15 ಹರ್ಟ್ಸ್‌ಗಿಂತ ಕೆಳಗೆ ಗಂಟೆಗಟ್ಟಲೆ ಓಡಿಸಬೇಡಿ. ಹಿಂಬದಿಯ ಫ್ಯಾನ್ ವೇಗ ತಗ್ಗಿ ಮೋಟರ್ ಬಿಸಿಯಾಗುತ್ತದೆ. 20ರಿಂದ 50 ಹರ್ಟ್ಸ್ ಒಳಗೆ ನಿಮ್ಮ ಕನಿಷ್ಠ, ಗರಿಷ್ಠ ಎರಡೂ ಬರುವಂತೆ ಗೇರ್ ಅನುಪಾತ ಆರಿಸಿಕೊಳ್ಳಿ.

ಹಾಪರ್ ವಿಚಾರಕ್ಕೆ ಬರೋಣ, ತೊಂದರೆಯ ಮುಕ್ಕಾಲು ಪಾಲು ಇರುವುದು ಇಲ್ಲೇ. ಶೆಡ್ಡಿನ ಎತ್ತರ ಕಡಿಮೆ ಎಂದು ನಾಲ್ಕೂ ಗೋಡೆಯನ್ನು 45 ಡಿಗ್ರಿಗೆ ಬಾಗಿಸಿ, ಪಿರಮಿಡ್ಡನ್ನು ತಲೆಕೆಳಗು ಮಾಡಿದಂತೆ ಕಟ್ಟುತ್ತಾರೆ. ಗೋಡೆ 45 ಡಿಗ್ರಿ ಇದ್ದರೂ ಎರಡು ಗೋಡೆ ಕೂಡುವ ಮೂಲೆಯ ಇಳಿಜಾರು 35 ಡಿಗ್ರಿ ಮಾತ್ರ. ಗೋಡೆಯನ್ನು 60ಕ್ಕೆ ಏರಿಸಿದರೂ ಮೂಲೆ 51 ದಾಟುವುದಿಲ್ಲ. ಪುಡಿ ಮೊದಲು ಅಂಟುವುದು ಆ ಮೂಲೆಯಲ್ಲಿ, ಅಲ್ಲಿಂದ ಎರಡೂ ಕಡೆ ಬೆಳೆದು ನಡುವೆ ಕಮಾನು ಕಟ್ಟುತ್ತದೆ. ಕೆಳಗೆ ಸ್ಕ್ರೂ ಬರಿದೇ ತಿರುಗುತ್ತದೆ, ಮೇಲೆ ಹಾಪರ್ ತುಂಬಿ ನಿಂತಿರುತ್ತದೆ. ಆಪರೇಟರ್ ಸುತ್ತಿಗೆಯಿಂದ ಬಾರಿಸುತ್ತಾನೆ. ಹಾಪರ್‌ನ ಹೊರಮೈ ಹೊಂಡ ಬಿದ್ದಿದ್ದರೆ ಒಳಗಿನ ಕತೆ ಅಲ್ಲೇ ಓದಿಕೊಳ್ಳಬಹುದು. ಹೊಂಡ ಬಿದ್ದಲ್ಲಿ ಒಳಗೆ ಉಬ್ಬಿರುತ್ತದೆ, ಪುಡಿ ಅಲ್ಲಿ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ಕೇಳಿ ಮಾಡಿಸಬೇಕಾದ ಆಕಾರ ಹೀಗಿರಲಿ: ಎರಡು ಪಕ್ಕದ ಗೋಡೆ ನೆಟ್ಟಗೆ, ಉಳಿದೆರಡು 65ರಿಂದ 70 ಡಿಗ್ರಿ, ತಳದಲ್ಲಿ ಸ್ಕ್ರೂ ಉದ್ದಕ್ಕೂ ಅದೇ ಅಗಲದ ಉದ್ದನೆಯ ಸೀಳು. ಒಳಗಿನ ಬೆಸುಗೆಯನ್ನೆಲ್ಲ ಗ್ರೈಂಡರ್‌ನಿಂದ ನುಣ್ಣಗೆ ಮಾಡಿರಬೇಕು, ಒಳಮುಖವಾಗಿ ಯಾವ ಫ್ಲೇಂಜ್ ಅಂಚೂ ಚಾಚಿರಬಾರದು. ಎತ್ತರ ಸಾಲದಿದ್ದರೆ ಸಂಗ್ರಹ ಕಡಿಮೆ ಮಾಡಿ, ಇಳಿಜಾರು ಮಾತ್ರ ಬಿಟ್ಟುಕೊಡಬೇಡಿ. ಒಂದೂವರೆ ಘನ ಮೀಟರ್ ಹೊಟ್ಟು ಅಂದರೆ 300 ಕಿಲೋ, 2 ಟನ್ ಬಾಯ್ಲರ್‌ಗೆ ಮುಕ್ಕಾಲು ಗಂಟೆಯೂ ಬಾರದು. ಹೇಗಿದ್ದರೂ ಬಕೆಟ್ ಎಲಿವೇಟರೋ ಬೇರೆ ಸ್ಕ್ರೂವೋ ಬೇಕೇ ಬೇಕು.

ವೈಬ್ರೇಟರ್ ಉಚಿತವಾಗಿ ಕೊಡುತ್ತೇವೆ ಅಂದರೆ ಹಿಗ್ಗಬೇಡಿ. ಜೋಳದ ಹಿಟ್ಟಿನ ಡಬ್ಬಿ ಕುಟ್ಟಿದಷ್ಟೂ ಹಿಟ್ಟು ಒತ್ತಿ ಕೂರುವಂತೆ, ಸ್ಕ್ರೂ ನಿಂತಿರುವಾಗ ವೈಬ್ರೇಟರ್ ಓಡಿದರೆ ಕಮಾನು ಕಲ್ಲಾಗುತ್ತದೆ. ಹಾಕಲೇಬೇಕೆಂದರೆ ಸ್ಕ್ರೂ ತಿರುಗುತ್ತಿರುವಾಗ ಮಾತ್ರ, ಟೈಮರ್‌ನಲ್ಲಿ 3–4 ಸೆಕೆಂಡು. ಅದಕ್ಕಿಂತ ಸ್ಕ್ರೂ ಮೇಲೆ ಸಣ್ಣ ಕೈಗಳಿರುವ ಅಜಿಟೇಟರ್ ಶಾಫ್ಟ್, ನಿಮಿಷಕ್ಕೆ 5ರಿಂದ 10 ಸುತ್ತು, ಹೊಟ್ಟಿಗೆ ಎಷ್ಟೋ ಮೇಲು.

ಇನ್ನೊಂದು ದೋಷ ಹೊರಗೆ ಕಾಣುವುದಿಲ್ಲ. ಉದ್ದಕ್ಕೂ ಒಂದೇ ಪಿಚ್ ಇರುವ ಸ್ಕ್ರೂ ಸೀಳಿನ ಹಿಂಭಾಗದಲ್ಲೇ ತುಂಬಿಕೊಂಡುಬಿಡುತ್ತದೆ. ಮುಂದಿನ ಪಿಚ್‌ಗಳಿಗೆ ಹೊಸ ಪುಡಿ ಹಿಡಿಯಲು ಜಾಗವಿಲ್ಲ. ಹಾಗಾಗಿ ಹಾಪರ್‌ನ ಮುಂದಿನ ಅರ್ಧ ಅಲುಗಾಡದೆ ಕೂತು, ತೇವ ಹೀರಿ, ಗಂಟು ಕಟ್ಟುತ್ತದೆ. ಹಾಪರ್ ಮೇಲಿಂದ ಇಣುಕಿ. ಗುಳಿ ಗೇರ್‌ಬಾಕ್ಸ್ ಕಡೆಗೆ ಮಾತ್ರ ಬೀಳುತ್ತಿದ್ದರೆ ಇದೇ ಕಾರಣ. ಪಿಚ್ 75, 100, 125, 150 ಹೀಗೆ ಬಾಯಿಯ ಕಡೆಗೆ ಹೆಚ್ಚುತ್ತಾ ಹೋಗಬೇಕು. ಸೀಳು ಮುಗಿದ ಮೇಲೆ ಕನಿಷ್ಠ ಎರಡು ಪಿಚ್ ಉದ್ದ ಮುಚ್ಚಿದ ಕೊಳವೆಯಲ್ಲಿ ಸ್ಕ್ರೂ ಓಡಬೇಕು. ಆ ಎರಡು ಪಿಚ್ ಇಲ್ಲದಿದ್ದರೆ ಕಮಾನು ಒಮ್ಮೆಲೇ ಕುಸಿದಾಗ ಗಾಳಿ ತುಂಬಿಕೊಂಡ ಪುಡಿ ನೀರಿನ ಹಾಗೆ ಹರಿದು, ನಿಂತ ಸ್ಕ್ರೂ ಮೇಲೂ ಜಾರಿ, ಬರ್ನರ್‌ಗೆ ಹೋಗುತ್ತದೆ. ಹೀಗೆ ಒಂದೇ ಸಲ ಬಂದ ಪುಡಿ ಕುಲುಮೆಯಲ್ಲಿ ಧಡ್ ಎಂದು ಸದ್ದು ಮಾಡುತ್ತದೆ. ಹಾಪರ್ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಬರುವ ಮುಂಚೆಯೇ ತುಂಬುವಂತೆ ಲೆವೆಲ್ ಸ್ವಿಚ್ ಇಟ್ಟರೆ ಈ ಅಪಾಯ ಬಹುಪಾಲು ತಪ್ಪುತ್ತದೆ.

ಏರ್‌ಲಾಕ್ ಈ ಸೆಟ್‌ನ ಒಳ್ಳೆಯ ಭಾಗ. ಎರಕದ ಬಾಡಿಯನ್ನು ಬೋರಿಂಗ್ ಮಾಡಿ, ರೋಟರ್ ತುದಿಗೂ ಬಾಡಿಗೂ 0.15 ಮಿಮೀ ಸಂದು ಬಿಟ್ಟಿರುತ್ತಾರೆ. ಭೋಸರಿಯ ಲೇಥ್ ಕೆಲಸ ಈ ವಿಷಯದಲ್ಲಿ ನಿಜಕ್ಕೂ ಮೆಚ್ಚಬೇಕಾದ್ದು. ವಿಜಯಪುರ, ಕಲಬುರಗಿ ಕಡೆಯ ಫಿಟ್ಟರ್‌ಗಳೂ ಅಲ್ಲಿ ಸಿಗುತ್ತಾರೆ, ಕನ್ನಡದಲ್ಲೇ ವಿವರವಾಗಿ ಮಾತಾಡಿ ಮಾಡಿಸಿಕೊಳ್ಳಬಹುದು. ಡೆಲಿವರಿ ವೇಳೆ ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ಹಿಡಿದು ನಿಲ್ಲಿ. 0.10 ಎಲೆ ಸಲೀಸಾಗಿ ಹೋಗಬೇಕು, 0.20 ಹೋಗಬಾರದು, ಎಂಟೂ ರೆಕ್ಕೆಗೆ, ಎರಡೂ ತುದಿಗೆ, ಕೈಯಲ್ಲಿ ರೋಟರ್ ತಿರುಗಿಸುತ್ತಾ ನೋಡಿ. ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ಇದ್ದರೆ ಬೇರಿಂಗ್ ಹೌಸಿಂಗ್ ಸರಿಯಾಗಿ ಕೂತಿಲ್ಲ. ಬೇರಿಂಗ್ ಬಾಡಿಯಿಂದ 30–40 ಮಿಮೀ ಹೊರಗೆ ಇರಬೇಕು, ಆಗ ಗ್ಲ್ಯಾಂಡ್‌ನಿಂದ (ಶಾಫ್ಟ್ ಸುತ್ತಲಿನ ಸೀಲ್) ಸೋರಿದ ಪುಡಿ ನೆಲಕ್ಕೆ ಬೀಳುತ್ತದೆ, ಬೇರಿಂಗ್ ಒಳಗೆ ಹೋಗುವುದಿಲ್ಲ. ಪುಡಿ ಒಯ್ಯುವ ಸಾಗಣೆ ಗಾಳಿಯನ್ನು ಬಿಸಿ ಮಾಡಿ ಬಳಸುವ ಯೋಚನೆ ಇದ್ದರೆ ಆರ್ಡರ್ ಕೊಡುವಾಗಲೇ ಉಷ್ಣತೆ ಹೇಳಿ. ತಣ್ಣಗೆ 0.15 ಸಂದು ಇಟ್ಟ ರೋಟರ್ ಬಿಸಿಗೆ ಹಿಗ್ಗಿ ಕಚ್ಚಿಕೊಳ್ಳುತ್ತದೆ.

ಏರ್‌ಲಾಕ್‌ಗೆ ವಿಎಫ್‌ಡಿ ಬೇಡ. ಅದು ಅಳೆಯುವ ಯಂತ್ರವಲ್ಲ, ಗಾಳಿ ತಡೆಯುವ ಬಾಗಿಲು. ಅಳತೆ ಸ್ಕ್ರೂ ಮಾಡಲಿ, ಏರ್‌ಲಾಕ್ ಯಾವಾಗಲೂ ಅರ್ಧ ಹಸಿವಿನಲ್ಲಿ, ನಿಮಿಷಕ್ಕೆ 20 ಸುತ್ತಿನಲ್ಲಿ ತಿರುಗುತ್ತಿರಲಿ. ಎಂಟು ರೆಕ್ಕೆಗೆ ನಿಮಿಷಕ್ಕೆ 160 ಸಲ ಪುಡಿ ಬೀಳುತ್ತದೆ, ಬೆಂಕಿಗೆ ಗೊತ್ತೇ ಆಗುವುದಿಲ್ಲ. ಅದನ್ನು 8 ಸುತ್ತಿಗೆ ಇಳಿಸಿದರೆ ಸೆಕೆಂಡಿಗೆ ಒಂದರಂತೆ ಮಿಡಿತ ಶುರು.

ಸವೆತ ಎಲ್ಲಿಂದ ಗೊತ್ತಾಗುತ್ತದೆ? ಸಂದು 0.4 ಮಿಮೀ ಆದಾಗ ಕೆಳಗಿನ ಗಾಳಿ ಮೇಲೆ ನುಗ್ಗಿ, ಸ್ಕ್ರೂ ಬಾಯಲ್ಲಿ ಪುಡಿಯನ್ನು ಉಬ್ಬಿಸುತ್ತದೆ. ಉಬ್ಬಿದ ಪುಡಿ ಹಗುರ, ಅದೇ ಸುತ್ತಿಗೆ ಕಡಿಮೆ ತೂಕ ಹೋಗುತ್ತದೆ. ಹಾಪರ್ ಮುಚ್ಚಳದ ಅಂಚಿನಲ್ಲಿ ದೂಳು ಪುಸ್ ಪುಸ್ ಎನ್ನುತ್ತದೆ, ಹಬೆಯ ಒತ್ತಡ ಇಳಿಯುತ್ತದೆ, ಆಪರೇಟರ್ ಸ್ಕ್ರೂ ವೇಗ ಏರಿಸುತ್ತಾನೆ. ವಾರದಿಂದ ವಾರಕ್ಕೆ ಹರ್ಟ್ಸ್ ಏರುತ್ತಿದೆ, ಹಬೆ ಅಷ್ಟೇ ಇದೆ ಅಂದರೆ ಸ್ಕ್ರೂ ಬಿಚ್ಚುವ ಮುಂಚೆ ಏರ್‌ಲಾಕ್ ಸಂದು ನೋಡಿ. ಹೊಸತರಲ್ಲೂ ಖಾಲಿ ಪಾಕೆಟ್‌ಗಳ ಜೊತೆ ಸ್ವಲ್ಪ ಗಾಳಿ ಮೇಲೆ ಬರುತ್ತದೆ. ಮೇಲೇರುವ ಕಡೆಯ ಬಾಡಿಗೆ ಒಂದು ವೆಂಟ್ ಕೊರೆದು, ಬ್ಯಾಗ್ ಫಿಲ್ಟರ್ ಇರುವ ಹಾಪರ್ ತಲೆಗೆ ಪೈಪು ಕೊಟ್ಟರೆ ಸಾಕು. ಬಹಳಷ್ಟು ಜನ ಈ ವೆಂಟ್ ಕೊಡುವುದಿಲ್ಲ, ಕೇಳಿ ಹಾಕಿಸಿ. ರೆಕ್ಕೆ ತುದಿಗೆ ಬೋಲ್ಟ್ ಹಾಕಿ ಬದಲಿಸುವ ಪಟ್ಟಿ ಇರುವ ರೋಟರ್ ಸಿಕ್ಕರೆ ಹೆಚ್ಚಿನ ದುಡ್ಡು ಕೊಡುವುದು ನ್ಯಾಯ. ಭತ್ತದ ಹೊಟ್ಟಿನ ಬೂದಿಯೆಲ್ಲ ಹೆಚ್ಚುಕಡಿಮೆ ಸಿಲಿಕಾವೇ. ಅದು ಸ್ಕ್ರೂ ಅಂಚು, ರೆಕ್ಕೆ ತುದಿ, ಬೆಂಡ್ ಮೂರನ್ನೂ ತಿನ್ನುತ್ತದೆ, ಆ ಜಾಗಗಳಿಗೆ ಹಾರ್ಡ್‌ಫೇಸಿಂಗ್ (ಗಟ್ಟಿ ಲೋಹದ ಬೆಸುಗೆ ಪದರ) ಇಲ್ಲದೆ ತೆಗೆದುಕೊಳ್ಳಬೇಡಿ.

ಪೈಪು ಮತ್ತು ಬ್ಲೋವರ್. ಪುಡಿ ತಳ ಹಿಡಿಯದೆ ಹೋಗಲು ಸೆಕೆಂಡಿಗೆ 20 ಮೀಟರ್ ವೇಗ ಬೇಕು. 4 ಇಂಚಿನ ಪೈಪಿನಲ್ಲಿ ಅದು ಗಂಟೆಗೆ 565 ಘನ ಮೀಟರ್. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಘನ ಮೀಟರಿಗೆ ಇಲ್ಲಿ 1.1 ಕಿಲೋ ಗಾಳಿ ಹಿಡಿಯಿರಿ. ಅಂದರೆ 620 ಕಿಲೋ. ಮುಂಬೈಯಲ್ಲಿ ಟ್ಯೂನ್ ಮಾಡಿದ ಬ್ಲೋವರ್ ಸೆಟ್ಟಿಂಗ್ ಇಲ್ಲಿ ಆರೇಳು ಶೇಕಡಾ ಕಡಿಮೆ ಗಾಳಿ ಕೊಡುತ್ತದೆ, ಅದಕ್ಕೆ ತಯಾರಿರಿ. ಕಿಲೋ ಹೊಟ್ಟು ಸುಡಲು 5.2 ಕಿಲೋ ಗಾಳಿ, ಮೇಲೆ 25% ಹೆಚ್ಚುವರಿ. 400 ಕಿಲೋ ಹೊಟ್ಟಿಗೆ ಒಟ್ಟು 2,600 ಕಿಲೋ ಗಾಳಿ ಬೇಕು, ಸಾಗಣೆ ಗಾಳಿ ಅದರಲ್ಲಿ ಕಾಲು ಭಾಗ. ಚೆನ್ನಾಗಿದೆ. ಆದರೆ 200 ಕಿಲೋ ಮಾತ್ರ ಸುಡುವವರಿಗೆ ಒಟ್ಟು ಬೇಕಾದ್ದೇ 1,300 ಕಿಲೋ, ಸಾಗಣೆ ಗಾಳಿಯೇ ಅರ್ಧದಷ್ಟಾಗಿ ಬೆಂಕಿ ಬರ್ನರ್ ಬಾಯಿ ಬಿಟ್ಟು ದೂರ ಹೋಗಿ ಆರುತ್ತದೆ. ಅಂಥವರು ಡ್ಯಾಂಪರ್ ಒತ್ತಿ ಗಾಳಿ ಕಡಿಮೆ ಮಾಡಿದರೆ ಪುಡಿ ಪೈಪಿನಲ್ಲಿ ಕೂರುತ್ತದೆ. ಉಪಾಯ ಒಂದೇ, 3 ಇಂಚಿನ ಪೈಪು. ಅದರಲ್ಲಿ ಅದೇ ವೇಗಕ್ಕೆ 350 ಕಿಲೋ ಗಾಳಿ ಸಾಕು.

ಬೆಂಡ್‌ಗಳು ಪೈಪಿನ ವ್ಯಾಸದ ಆರು ಪಟ್ಟು ತ್ರಿಜ್ಯದವು ಇರಲಿ, ಸಂಖ್ಯೆ ಕಡಿಮೆ ಇರಲಿ. ಫ್ಲೇಂಜ್ ಸಂದುಗಳಲ್ಲಿ ರಬ್ಬರ್ ಗ್ಯಾಸ್ಕೆಟ್ ಇರುವಲ್ಲೆಲ್ಲ ತಾಮ್ರದ ಪಟ್ಟಿ ಜೋಡಿಸಿ ಅರ್ಥಿಂಗ್ ಕೊಡಿ. ಪುಡಿ ಉಜ್ಜಿ ಹರಿಯುವಾಗ ಸ್ಥಾಯೀ ವಿದ್ಯುತ್ ಸೇರಿಕೊಳ್ಳುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಫೀಡರ್‌ನ ನಿಜವಾದ ಪರೀಕ್ಷೆ. ಹೊಟ್ಟಿನ ತೇವ 12–15% ಒಳಗಿದ್ದರೆ ಮಾತ್ರ ಮೇಲಿನ ಲೆಕ್ಕವೆಲ್ಲ. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಸುಕಿ ಕೈ ಬಿಚ್ಚಿ. ಉದುರಿ ಹೋದರೆ ಹಾಕಿ, ಉಂಡೆಯಾಗಿ ನಿಂತರೆ ಒಣಗಿಸಿ. ಟಿಂಬರ್ ಮಾರ್ಕೆಟ್‌ನಿಂದ ಬರುವ ಹೊಟ್ಟಿನಲ್ಲಿ ಮೊಳೆ, ತಂತಿ, ಚಕ್ಕೆ ಇದ್ದೇ ಇರುತ್ತದೆ. ಹಾಪರ್ ಮೇಲೆ 10 ಮಿಮೀ ಜಾಲರಿ, ಅದರ ಕೆಳಗೆ ಮ್ಯಾಗ್ನೆಟ್ ಗ್ರಿಲ್ ಎರಡೂ ಬೇಕು. ಒಂದು ಮೊಳೆ ಏರ್‌ಲಾಕ್‌ಗೆ ಬಿದ್ದರೆ ಬೋರ್‌ಗೆ ಗೀರು ಬೀಳುತ್ತದೆ, 0.15ರ ಸಂದಿನ ಬೆಲೆ ಅಲ್ಲಿಗೆ ಮುಗಿಯಿತು. ಕಿಡಿ ಹಾರಿದರೆ ಇನ್ನೂ ಕೆಟ್ಟದ್ದು. ಸ್ಕ್ರೂ ಕಪ್ಲಿಂಗ್‌ನಲ್ಲಿ ಶಿಯರ್ ಪಿನ್ (ಭಾರ ಹೆಚ್ಚಾದಾಗ ಮೊದಲು ಮುರಿಯುವ ಪಿನ್) ಇದೆಯೇ ನೋಡಿಕೊಳ್ಳಿ. ಅದು ಮುರಿದಾಗ ಗಟ್ಟಿ ಬೋಲ್ಟ್ ಹಾಕಿ ಓಡಿಸುವ ಚಾಳಿ ಇದೆ, ಆಮೇಲೆ ಮುರಿಯುವುದು ಗೇರ್‌ಬಾಕ್ಸ್.

ಸೆಟ್ ಜೊತೆ ಬರುವ ಪ್ಯಾನೆಲ್ ನಮಗೆ ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. ಮೂರು ಮೋಟರ್‌ಗೆ ಮೂರು ಬಟನ್, ಒಂದಕ್ಕೊಂದು ಸಂಬಂಧವಿಲ್ಲ. ಕ್ರಮ ಹೀಗಿರಬೇಕು: ಮೊದಲು ಐಡಿ (ಹೊಗೆ ಎಳೆಯುವ) ಮತ್ತು ಎಫ್‌ಡಿ (ಗಾಳಿ ತಳ್ಳುವ) ಫ್ಯಾನ್, ಕುಲುಮೆಯ ಗಾಳಿ ಕನಿಷ್ಠ 5 ಸಲ ಬದಲಾಗುವಷ್ಟು ಹೊತ್ತು ಪರ್ಜ್ (ಒಳಗೆ ಉಳಿದ ಅನಿಲವನ್ನು ಹೊರಹಾಕುವುದು), ಪೈಲಟ್ ಜ್ವಾಲೆ, ಸಾಗಣೆ ಬ್ಲೋವರ್, ಏರ್‌ಲಾಕ್, ಕೊನೆಗೆ ಸ್ಕ್ರೂ. ನಿಲ್ಲಿಸುವಾಗ ಮೊದಲು ಸ್ಕ್ರೂ, 2–3 ನಿಮಿಷ ಪೈಪು ಖಾಲಿಯಾಗಲು ಬಿಟ್ಟು ಏರ್‌ಲಾಕ್, ನಂತರ ಬ್ಲೋವರ್. ಬ್ಲೋವರ್ ಒತ್ತಡ ಬಿದ್ದರೆ ಅಥವಾ ಫ್ಲೇಮ್ ಸ್ಕ್ಯಾನರ್ ಜ್ವಾಲೆ ಇಲ್ಲ ಅಂದರೆ ಸ್ಕ್ರೂ ತಾನಾಗಿಯೇ ನಿಲ್ಲಬೇಕು. 400 ಕಿಲೋ ಪುಡಿ 565 ಘನ ಮೀಟರ್ ಗಾಳಿಯಲ್ಲಿ ಅಂದರೆ ಘನ ಮೀಟರಿಗೆ 700 ಗ್ರಾಂ. ಕಲ್ಲಿದ್ದಲ ದೂಳು 50–60 ಗ್ರಾಂ ಇದ್ದರೇ ಸ್ಫೋಟಿಸಬಲ್ಲದು. ಪೈಪಿನೊಳಗಿನ ಮಿಶ್ರಣ ಯಾವಾಗಲೂ ಬೆಂಕಿ ಹಿಡಿಯಲು ಸಿದ್ಧ. ಜ್ವಾಲೆ ಹಿಂದಕ್ಕೆ ಬಾರದಂತೆ ತಡೆದಿರುವುದು ಗಾಳಿಯ ವೇಗ ಮಾತ್ರ. ಕರೆಂಟ್ ಹೋದ ಕ್ಷಣ ಆ ವೇಗ ಇರುವುದಿಲ್ಲ, ಕುಲುಮೆ ಕೆಂಪಗೇ ಇರುತ್ತದೆ. ಬರ್ನರ್ ಹತ್ತಿರ ತನ್ನ ತೂಕಕ್ಕೆ ತಾನೇ ಬೀಳುವ ಗೇಟ್ ಇಲ್ಲದೆ ಈ ಸೆಟ್ ಚಾಲೂ ಮಾಡಬೇಡಿ. ಕರೆಂಟ್ ಮರಳಿದಾಗ ಪರ್ಜ್ ಇಲ್ಲದೆ ಸ್ಕ್ರೂ ಒತ್ತುವ ಅವಕಾಶವೇ ಪ್ಯಾನೆಲ್‌ನಲ್ಲಿ ಇರಬಾರದು.

ಕಲ್ಲಿದ್ದಲ ಪುಡಿ ಸುಡುವವರಿಗೆ ಬೇರೆ ಮಾತು. ಪುಡಿ 200 ಮೆಶ್ (ಇಂಚಿಗೆ 200 ಕಣ್ಣಿನ) ಜರಡಿಯಲ್ಲಿ 70% ಇಳಿಯಬೇಕು, 50 ಮೆಶ್ ಮೇಲೆ 2%ಕ್ಕಿಂತ ಹೆಚ್ಚು ಉಳಿಯಬಾರದು. ಅದರ ತೂಕ ಲೀಟರಿಗೆ ಅರ್ಧ ಕಿಲೋ ಆಸುಪಾಸು, ಇದೇ 6 ಇಂಚಿನ ಸ್ಕ್ರೂ 20 ಸುತ್ತಿಗೆ ಸಾವಿರ ಕಿಲೋ ತಳ್ಳಿಬಿಡುತ್ತದೆ. ಸಣ್ಣ ಕುಲುಮೆಗೆ 4 ಇಂಚೇ ಜಾಸ್ತಿ. ಅದಕ್ಕಿಂತ ದೊಡ್ಡ ಪ್ರಶ್ನೆ ಹಾಪರ್‌ನಲ್ಲಿ ಕೂತ ಪುಡಿ ತಾನಾಗಿಯೇ ಬಿಸಿಯೇರುವುದು. ರಾಯಚೂರಿನ ಶಕ್ತಿನಗರದಂಥ ಸ್ಥಾವರದಲ್ಲಿ ಪುಡಿಯನ್ನು ಸಂಗ್ರಹಿಸುವ ಗೋಜೇ ಇಲ್ಲ: ಫೀಡರ್ ಇಡೀ ಕಲ್ಲಿದ್ದಲನ್ನು ಮಿಲ್‌ಗೆ ಕೊಡುತ್ತದೆ, ಬಿಸಿ ಗಾಳಿ ಪುಡಿಯನ್ನು ಮಿಲ್‌ನಿಂದ ನೇರ ಬರ್ನರ್‌ಗೆ ಒಯ್ಯುತ್ತದೆ. ಸಣ್ಣ ಕಾರ್ಖಾನೆಯಲ್ಲಿ ಪುಡಿ ಚೀಲದಲ್ಲಿ ಬಂದು ಹಾಪರ್‌ನಲ್ಲಿ ಕೂರುತ್ತದೆ. ಭೋಸರಿ–ಪಿಂಪ್ರಿ ಭಾಗದಲ್ಲಿ ಗುರುವಾರ ರಜೆ. ಬುಧವಾರ ರಾತ್ರಿ ಹಾಪರ್ ಖಾಲಿ ಮಾಡದೆ ಬೀಗ ಹಾಕಬೇಡಿ. ಹಾಪರ್‌ಗೆ ಸ್ಫೋಟದ ಒತ್ತಡ ಶೆಡ್ಡಿನ ಹೊರಗೆ ಬಿಡುವ ವೆಂಟ್, ಕಾರ್ಬನ್ ಮೋನಾಕ್ಸೈಡ್ ಪ್ರೋಬ್, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಜೋಡಣೆ ಈ ಮೂರೂ ಬೇಕು. ಹಾಪರ್‌ನಿಂದ ಹೊಗೆ ವಾಸನೆ ಬಂದರೆ ಮುಚ್ಚಳ ತೆಗೆಯಬೇಡಿ, ನೀರಿನ ಧಾರೆ ಬಿಡಬೇಡಿ. ಧಾರೆ ದೂಳೆಬ್ಬಿಸುತ್ತದೆ, ಗಾಳಿ ಸೇರುತ್ತದೆ, ಉಳಿದದ್ದನ್ನು ಕೆಂಡ ಮಾಡುತ್ತದೆ. 1948ರ ಕಾರ್ಖಾನೆ ಕಾಯ್ದೆಯ 37ನೇ ಸೆಕ್ಷನ್ ಸ್ಫೋಟಕ ದೂಳಿನ ಬಗ್ಗೆಯೇ ಇತ್ತು; 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಕೆಲಸದ ಸ್ಥಳದ ಸುರಕ್ಷತೆಯ 2020ರ ಸಂಹಿತೆ ಬಂತು. ತಪಾಸಣೆ ಬಂದಾಗ ಸ್ಥಳೀಯ ಫ್ಯಾಬ್ರಿಕೇಟರ್ ಬಂದು ಉತ್ತರ ಕೊಡುವುದಿಲ್ಲ, ನೀವೇ ಕೊಡಬೇಕು.

ತೂಕ ನೋಡಿಕೊಂಡು ಸುರಿಯುವ, ಲೋಡ್ ಸೆಲ್ ಮೇಲೆ ನಿಂತ ಫೀಡರ್ ಇದಕ್ಕಿಂತ ಖಂಡಿತ ಕರಾರುವಾಕ್ಕು. ಇಂಧನದ ಗುಣ ದಿನಾ ಬದಲಾಗುವ 2 ಟನ್ ಬಾಯ್ಲರ್‌ಗೆ ಆ ಖರ್ಚು ನಮಗೆ ದುಬಾರಿ ಅನಿಸುತ್ತದೆ. ಏರ್‌ಲಾಕ್ ಬಿಟ್ಟು ಬರೀ ವೆಂಚುರಿಯಲ್ಲಿ (ಗಾಳಿ ವೇಗವಾಗಿ ಹಾಯ್ದು ಪುಡಿ ಹೀರುವ ಕಿರಿದಾದ ಕೊಳವೆ) ಪುಡಿ ಎಳೆಸುವ ಅಗ್ಗದ ಸೆಟ್ ಕೂಡ ಮಾರುತ್ತಾರೆ. ಕುಲುಮೆಯ ಒತ್ತಡ ಚೂರು ಏರಿದರೆ ಅದರ ಎಳೆತ ನಿಂತುಹೋಗುತ್ತದೆ, ಅದು ಬೇಡ.

ಹಣದ ಕೊನೆಯ ಕಂತು ಕೊಡುವ ಮುಂಚೆ ಒಂದು ಪರೀಕ್ಷೆ ಕಡ್ಡಾಯ ಮಾಡಿ, ಪರ್ಚೇಸ್ ಆರ್ಡರ್‌ನಲ್ಲೇ ಬರೆಯಿರಿ. ಏರ್‌ಲಾಕ್ ಕೆಳಗಿನ ಟೀ ಬಿಚ್ಚಿ ಚೀಲ ಕಟ್ಟಿ. 20, 35, 50 ಹರ್ಟ್ಸ್‌ನಲ್ಲಿ ಒಂದೊಂದು ನಿಮಿಷದ ಪುಡಿಯನ್ನು ಹತ್ತು ಹತ್ತು ಸಲ ಹಿಡಿದು ತೂಗಿ. ಹಾಪರ್ ತುಂಬಿರುವಾಗ ಒಮ್ಮೆ, ಅರ್ಧ ಇರುವಾಗ ಒಮ್ಮೆ, ಕಾಲು ಭಾಗ ಉಳಿದಾಗ ಒಮ್ಮೆ. ಹೊಟ್ಟಿಗೆ ಸರಾಸರಿಯಿಂದ 5% ಒಳಗಿನ ಏರಿಳಿತ ಒಪ್ಪಬಹುದು. ಹಾಪರ್ ಇಳಿದಂತೆ ತೂಕವೂ ಇಳಿಯುತ್ತಾ ಬಂದರೆ ದೋಷ ಹಾಪರ್‌ನದು. ಎಲ್ಲ ಮಟ್ಟದಲ್ಲೂ ಒಂದೇ ರೀತಿ ಎಗರಾಡಿದರೆ ಸ್ಕ್ರೂ ಬಾಯಿ ಅಥವಾ ಏರ್‌ಲಾಕ್ ಕಡೆ ಹುಡುಕಿ. ಈ ತೂಕದ ಹಾಳೆಯನ್ನು ಪ್ಯಾನೆಲ್ ಒಳಬಾಗಿಲಿಗೆ ಅಂಟಿಸಿಡಿ. ಆರು ತಿಂಗಳ ಮೇಲೆ ಅದೇ ಹರ್ಟ್ಸ್‌ಗೆ ಮತ್ತೆ ತೂಗಿದಾಗ ಸವೆತ ಎಷ್ಟಾಗಿದೆ ಎಂದು ಅದರಿಂದಲೇ ಗೊತ್ತಾಗುತ್ತದೆ. ಸ್ಟೋರ್‌ನಲ್ಲಿ ಒಂದು ಸೆಟ್ ರೋಟರ್ ಪಟ್ಟಿ, ಗ್ಲ್ಯಾಂಡ್ ಪ್ಯಾಕಿಂಗ್, ಬೇರಿಂಗ್ ಜೋಡಿ, ಹತ್ತು ಶಿಯರ್ ಪಿನ್, ಒಂದು ಬೆಂಡ್ ಇರಲಿ. ಸ್ಕ್ರೂ ಡ್ರಾಯಿಂಗನ್ನು ಡೆಲಿವರಿ ದಿನವೇ ಕೇಳಿ ಪಡೆಯಿರಿ, ಆಮೇಲೆ ಕೇಳಿದರೆ ಸಿಗುವುದು ಕಷ್ಟ.